ಹಾಡು ನಡೆದ ದಾರಿ: ಕೆಲ್ಟಿಕ್ ಸಂಗೀತದ ಚರಿತ್ರೆ ಮತ್ತು ಲೊರೀನಾ ಮೆಕೆನಿಟ್

ಜಾನಪದ ಎಂಬ ಮಾತಿನೊಡನೆ ನೆಲ ಎಂಬ ಮಾತು ನಮ್ಮ ಅಧ್ಯಯನಗಳಲ್ಲಿ ಬಹುಕಾಲದಿಂದ ಹೊಂದಿಕೊಂಡೇ ಬಂದಿದೆ. ಒಂದು ಹಾಡನ್ನು ಸಂಗ್ರಹಿಸಿದ ಕೂಡಲೇ ಅದು ಯಾವ ಊರಿನದು, ಯಾವ ಸಮುದಾಯದ್ದು ಎಂದು ಕೇಳುತ್ತೇವೆ. ಅದು ಅಲ್ಲಿಗೆ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬ ಪ್ರಶ್ನೆ ಅಡಿಟಿಪ್ಪಣಿಗೆ ಸರಿಯುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕಳೆದ ನಾಲ್ಕು ದಶಕಗಳಲ್ಲಿ ‘ಕೆಲ್ಟಿಕ್ ಸಂಗೀತ’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂದ ಒಂದು ಸಂಗೀತ ಪ್ರಕಾರವನ್ನು ಪರಿಶೀಲಿಸಲಾಗಿದೆ. ಕೆನಡಾದ ಗಾಯಕಿ ಲೊರೀನಾ ಮೆಕೆನಿಟ್ ಅವರ ಕೃತಿಗಳನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ಜನಪದ ಗೀತೆ, ಇತಿಹಾಸ ಮತ್ತು ಪ್ರವಾಸ ಎಂಬ ಮೂರೂ ಎಳೆಗಳು ಅವರಲ್ಲಿ ಒಂದೇ ಹೆಣಿಗೆಯಾಗಿರುವುದೂ, ಇಂಥ ಸಂಗೀತವನ್ನು ಜಾನಪದ ವಿದ್ವಾಂಸರು ‘ಮಾರುಕಟ್ಟೆಯ ಸರಕು’ ಎಂದು ಬದಿಗೆ ಸರಿಸುವ ರೂಢಿ ಇರುವುದೂ ಈ ಆಯ್ಕೆಗೆ ಕಾರಣ. ಆ ರೂಢಿ ಎಷ್ಟರಮಟ್ಟಿಗೆ ಸರಿ ಎಂಬುದು ಇಲ್ಲಿನ ಚರ್ಚೆಯ ವಿಷಯ.

ಕೆಲ್ಟಿಕ್ ಎಂಬ ಹೆಸರು

ಮೊದಲಿಗೆ ಹೆಸರಿನ ವಿಚಾರ. ಪ್ರಾಚೀನ ಗ್ರೀಕ್ ಲೇಖಕರು ‘ಕೆಲ್ಟೊಯ್’ ಎಂದು ಕರೆದದ್ದು ಯುರೋಪಿನ ಮುಖ್ಯಭೂಮಿಯ ಕೆಲವು ಜನಸಮುದಾಯಗಳನ್ನು. ಬ್ರಿಟನ್ ಮತ್ತು ಐರ್ಲೆಂಡ್ ದ್ವೀಪಗಳ ಜನರನ್ನು ಅವರು ಸಾಮಾನ್ಯವಾಗಿ ಆ ಹೆಸರಿನಿಂದ ಗುರುತಿಸಲಿಲ್ಲ. ಆ ದ್ವೀಪಗಳ ಜನರು ತಮ್ಮನ್ನು ತಾವು ಹಾಗೆ ಕರೆದುಕೊಂಡದ್ದಕ್ಕೂ ಹಳೆಯ ಆಧಾರಗಳಿಲ್ಲ. ವೆಲ್ಷ್, ಕಾರ್ನಿಷ್, ಬ್ರೆಟನ್, ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ನಡುವಿನ ಸಂಬಂಧವನ್ನು ವಿದ್ವಾಂಸ ಎಡ್ವರ್ಡ್ ಲೂಯಿಡ್ ೧೭೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದನು. ಆ ಭಾಷಾವರ್ಗಕ್ಕೆ ‘ಕೆಲ್ಟಿಕ್’ ಎಂಬ ಹೆಸರು ನೆಲೆಗೊಂಡದ್ದು ಆ ನಂತರವೇ. ಭಾಷೆಗಿಟ್ಟ ಹೆಸರು ಜನಾಂಗಕ್ಕೆ ಅಂಟಿತು, ಜನಾಂಗದಿಂದ ಕಲೆಗೆ, ಕಲೆಯಿಂದ ಸಂಗೀತಕ್ಕೆ ಹರಡಿತು. ಮಾಲ್ಕಮ್ ಚ್ಯಾಪ್‌ಮನ್ ೧೯೯೨ರಲ್ಲಿಯೂ ಸೈಮನ್ ಜೇಮ್ಸ್ ೧೯೯೯ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ಹೆಸರಿನ ಕಟ್ಟೋಣವನ್ನು ಬಿಡಿಸಿ ತೋರಿಸಿದಾಗ ಬ್ರಿಟನ್ನಿನ ವಿದ್ವತ್ ವಲಯದಲ್ಲಿ ಸಾಕಷ್ಟು ವಾಗ್ವಾದವೇ ನಡೆಯಿತು. ಭಾಷಾಶಾಸ್ತ್ರದಿಂದ ಹುಟ್ಟಿದ ಗುರುತು ಜನರ ಭಾವಕೋಶದೊಳಗೆ ಇಳಿದು ಅಸ್ಮಿತೆಯಾಗಿ ಬೆಳೆದ ಬಗೆ ‘ದ್ರಾವಿಡ’ ಪದದ ಚರಿತ್ರೆಯನ್ನು ಬಲ್ಲ ನಮಗೆ ಹೊಸದಲ್ಲ.

ಈ ಹೆಸರಿನ ಸುತ್ತ ಸಾಹಿತ್ಯಕ ಆಕರ್ಷಣೆಯನ್ನು ಕಟ್ಟಿದವನು ಜೇಮ್ಸ್ ಮ್ಯಾಕ್‌ಫರ್ಸನ್. ಸ್ಕಾಟ್ಲೆಂಡಿನ ಮಲೆನಾಡುಗಳಲ್ಲಿ ಸಂಗ್ರಹಿಸಿದ ಪ್ರಾಚೀನ ಕವಿ ಒಸಿಯನ್‌ನ ರಚನೆಗಳ ಅನುವಾದವೆಂದು ೧೭೬೦ರಿಂದ ಅವನು ಪ್ರಕಟಿಸಿದ ಕೃತಿಗಳು ಯುರೋಪನ್ನು ಸೆಳೆದವು. ಹರ್ಡರ್, ಗಯಟೆಯಂಥವರು ಮೆಚ್ಚಿದರು; ಸ್ಯಾಮ್ಯುಯೆಲ್ ಜಾನ್ಸನ್ ಮೂಲಪ್ರತಿಗಳನ್ನು ತೋರಿಸೆಂದು ಪಟ್ಟುಹಿಡಿದನು. ಮ್ಯಾಕ್‌ಫರ್ಸನ್ ನಿಜವಾದ ಗೇಲಿಕ್ ಕಥನಗೀತೆಗಳನ್ನು ಕೇಳಿದ್ದನು, ಬಳಸಿಯೂ ಇದ್ದನು. ಆದರೆ ಎಲ್ಲಿ ಅವು ಮುಗಿದು ಎಲ್ಲಿ ತನ್ನ ಬರವಣಿಗೆ ಆರಂಭವಾಯಿತು ಎಂಬುದನ್ನು ಮುಚ್ಚಿಟ್ಟನು. ರಚಿಸಿದ್ದು ಅವನ ಅಪರಾಧವಲ್ಲ, ದಾರಿಯನ್ನು ಅಳಿಸಿದ್ದು ಅಪರಾಧ ಎಂದು ನನ್ನ ಅಭಿಪ್ರಾಯ. ಈ ವ್ಯತ್ಯಾಸವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಸಂಗೀತದ ವಿಷಯದಲ್ಲಿ ೧೭೯೨ರ ಜುಲೈ ತಿಂಗಳಿನಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಸೇರಿದ ಹಾರ್ಪ್ ವಾದಕರ ಸಮ್ಮೇಳನ ಒಂದು ಮೈಲಿಗಲ್ಲು. ಹಾರ್ಪ್ ಎಂಬುದು ತ್ರಿಕೋನಾಕಾರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು ಬೆರಳಿನಿಂದ ಮೀಟುವ ವಾದ್ಯ. ನಮ್ಮ ಪ್ರಾಚೀನ ಶಿಲ್ಪಗಳಲ್ಲಿ ಕಾಣುವ ಬಿಲ್ಲಿನಾಕಾರದ ವೀಣೆಗೆ ದೂರದ ಸಂಬಂಧಿ ಎನ್ನಬಹುದು. ಅಳಿದುಹೋಗುತ್ತಿದ್ದ ಈ ಪರಂಪರೆಯ ಹತ್ತು ಮಂದಿ ಐರಿಷ್ ವಾದಕರು ಅಲ್ಲಿ ನುಡಿಸಿದರು. ಅವರಲ್ಲಿ ಹಲವರು ಅಂಧರು. ಎಲ್ಲರಿಗಿಂತ ಹಿರಿಯನಾದ ಡೆನಿಸ್ ಓ ಹ್ಯಾಂಪ್ಸಿಗೆ ತೊಂಬತ್ತು ದಾಟಿತ್ತು. ಲೋಹದ ತಂತಿಗಳನ್ನು ಉದ್ದ ಉಗುರುಗಳಿಂದ ಮೀಟುವ ಹಳೆಯ ಕ್ರಮವನ್ನು ಉಳಿಸಿಕೊಂಡಿದ್ದವನು ಅವನೊಬ್ಬನೇ. ಆ ಸ್ವರಗಳನ್ನು ಬರೆದುಕೊಳ್ಳಲು ನೇಮಕಗೊಂಡವನು ಹತ್ತೊಂಬತ್ತು ವರ್ಷದ ಆರ್ಗನ್ ವಾದಕ ಎಡ್ವರ್ಡ್ ಬಂಟಿಂಗ್. ಅವನು ೧೭೯೬, ೧೮೦೯ ಮತ್ತು ೧೮೪೦ರಲ್ಲಿ ಮೂರು ಸಂಪುಟಗಳನ್ನು ಹೊರತಂದನು. ಅವನಿಲ್ಲದಿದ್ದರೆ ಆ ಮಟ್ಟುಗಳಲ್ಲಿ ಹೆಚ್ಚಿನವು ಇಂದು ಇರುತ್ತಿರಲಿಲ್ಲ. ಆದರೆ ಅವನು ಅವುಗಳನ್ನು ಮುದ್ರಿಸಿದ್ದು ಪಿಯಾನೊಗೆ ಹೊಂದಿಸಿ. ಮೊದಲ ಸಂಪುಟದ ಮಟ್ಟುಗಳಿಗೆ ಪದಗಳೇ ಇರಲಿಲ್ಲ. ಅದೇ ಮಟ್ಟುಗಳಲ್ಲಿ ಹಲವನ್ನು ಕವಿ ಥಾಮಸ್ ಮೂರ್ ಎತ್ತಿಕೊಂಡು, ೧೮೦೮ರಿಂದ ತನ್ನ ಇಂಗ್ಲಿಷ್ ಪದಗಳನ್ನು ಕೂಡಿಸಿ ಪ್ರಕಟಿಸಿ ಜನಪ್ರಿಯನಾದನು. ಉಗುರಿನಿಂದ ಮೀಟಿದ ನಾದ ಅಂಧ ವೃದ್ಧನಿಂದ ತರುಣನ ಲೇಖನಿಗೆ, ಅಲ್ಲಿಂದ ಪಿಯಾನೊಗೆ, ಅಲ್ಲಿಂದ ಲಂಡನ್ನಿನ ಅತಿಥಿಗೃಹಗಳಿಗೆ ಸಾಗಿದ ಈ ಪಯಣ ಮೂವತ್ತು ವರ್ಷಗಳೊಳಗೆ ಮುಗಿದಿತ್ತು.

ಹೊರಗಿನಿಂದ ಬಂದ ವಾದ್ಯಗಳು

ಐರಿಷ್ ಜನಪದ ಸಂಗೀತದ ಪ್ರಾಚೀನತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ವಾದ್ಯಮೇಳವನ್ನು ನೋಡಿದವರಿಗೆ ಒಂದು ಸೋಜಿಗ ಕಾದಿದೆ. ಪಿಟೀಲು ಇಟಲಿಯಲ್ಲಿ ರೂಪುಗೊಂಡದ್ದು. ಕನ್ಸರ್ಟೀನಾ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್‌ನ ಪ್ರಯೋಗಗಳ ಫಲ. ತೋಳಿನಿಂದ ಗಾಳಿಯೊತ್ತುವ ಇಲ್ಲೆನ್ ಪೈಪ್ ಹದಿನೆಂಟನೆಯ ಶತಮಾನದಲ್ಲಿ ಇಂದಿನ ರೂಪವನ್ನು ಪಡೆಯತೊಡಗಿತು. ಚರ್ಮವಾದ್ಯ ಬೋರಾನ್ ಹಳ್ಳಿಯ ಆಚರಣೆಗಳಲ್ಲಿ ಇದ್ದದ್ದು ನಿಜ. ಅದಕ್ಕೆ ವೇದಿಕೆಯ ಮೇಲೆ ಗೌರವದ ಸ್ಥಾನ ದೊರೆತದ್ದು ೧೯೬೦ರ ದಶಕದಲ್ಲಿ ಶಾನ್ ಓ ರಿಯಾಡಾ ತನ್ನ ವಾದ್ಯಮೇಳದಲ್ಲಿ ಅದನ್ನು ಬಳಸಿದ ಮೇಲೆ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಗ್ರೀಸಿನ ಬುಝೂಕಿಯದು. ೧೯೬೦ರ ದಶಕದ ನಡುಭಾಗದಲ್ಲಿ ಜಾನಿ ಮೊಯ್ನಿಹನ್ ಐರಿಷ್ ಹಾಡುಗಳೊಂದಿಗೆ ಅದನ್ನು ನುಡಿಸತೊಡಗಿದರು. ಈಗ ‘ಐರಿಷ್ ಬುಝೂಕಿ’ ಎಂಬ ಪ್ರತ್ಯೇಕ ವಾದ್ಯವೇ ಇದೆ. ಐರಿಷ್ ಸಂಗೀತಕ್ಕೆ ಅದು ಅನಿವಾರ್ಯವೆಂದು ನಂಬಿದ ಯುವ ವಾದಕರೂ ಇದ್ದಾರೆ. ಪರಂಪರೆ ಎನಿಸಿಕೊಳ್ಳಲು ಎರಡು ತಲೆಮಾರು ಸಾಕಾಯಿತು.

ಜನರೂ ಹೀಗೆಯೇ ಚಲಿಸಿದರು, ಅವರದು ಬಲವಂತದ ಚಲನೆ. ೧೮೪೫ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಬಂದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಸಂಖ್ಯೆಯ ಜನ ದೇಶ ಬಿಟ್ಟರು. ಸ್ಕಾಟ್ಲೆಂಡಿನ ಮಲೆನಾಡಿನ ಒಕ್ಕಲುಗಳನ್ನು ಕುರಿಸಾಕಣೆಗಾಗಿ ಎಬ್ಬಿಸಲಾಯಿತು. ಹೀಗೆ ಹೋದವರ ಸಂಗೀತ ಅಮೆರಿಕ, ಕೆನಡಾಗಳಲ್ಲಿ ಬೇರೂರಿತು. ಕಾರ್ಕ್ ಪ್ರಾಂತದಲ್ಲಿ ಹುಟ್ಟಿ ಶಿಕಾಗೊ ನಗರದ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಓ ನೀಲ್ ತನ್ನೂರಿನವರಿಂದಲೂ ವಲಸಿಗ ವಾದಕರಿಂದಲೂ ಕೇಳಿದ ೧೮೫೦ ಮಟ್ಟುಗಳನ್ನು ೧೯೦೩ರಲ್ಲಿ ಪ್ರಕಟಿಸಿದನು. ಆ ಗ್ರಂಥ ಐರ್ಲೆಂಡಿಗೆ ಮರಳಿ ಹೋಗಿ ಅಲ್ಲಿನ ವಾದಕರಿಗೆ ಆಧಾರವಾಯಿತು. ಸ್ಲೈಗೊ ಪ್ರಾಂತದಿಂದ ನ್ಯೂಯಾರ್ಕಿಗೆ ಹೋದ ಪಿಟೀಲುವಾದಕ ಮೈಕೆಲ್ ಕೋಲ್ಮನ್ ೧೯೨೦ರ ದಶಕದಲ್ಲಿ ಅಲ್ಲಿ ಮುದ್ರಿಸಿದ ಧ್ವನಿಮುದ್ರಿಕೆಗಳು ತಾಯ್ನಾಡಿಗೆ ಬಂದಾಗ, ಇತರ ಪ್ರಾಂತಗಳ ವಾದಕರು ತಮ್ಮ ಶೈಲಿ ಬಿಟ್ಟು ಆ ಶೈಲಿಯನ್ನು ಅನುಸರಿಸತೊಡಗಿದರು.

ನಮ್ಮ ಭಾಗಕ್ಕೂ ಈ ಚಲನೆಯ ಒಂದು ಅಲೆ ಬಂದು ತಾಕಿದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದಲ್ಲಿ ರಚಿಸಿದ ನೋಟ್ಟುಸ್ವರ ಸಾಹಿತ್ಯದಲ್ಲಿ ಬ್ರಿಟಿಷ್ ದ್ವೀಪಗಳ ಜನಪ್ರಿಯ ಮಟ್ಟುಗಳು ಸೇರಿವೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಐರಿಷ್ ಸಂಗೀತವನ್ನೂ ಕರ್ನಾಟಕ ಸಂಗೀತವನ್ನೂ ಒಂದೇ ವಾದ್ಯ ಬೇರೆಬೇರೆ ದಾರಿಗಳಲ್ಲಿ ಪ್ರವೇಶಿಸಿ, ಎರಡೂ ಕಡೆ ಮನೆಯ ಮಗುವಾಯಿತು.

ಮೆಕೆನಿಟ್ ಅವರ ಪ್ರವೇಶ

ಲೊರೀನಾ ಮೆಕೆನಿಟ್ ಹುಟ್ಟಿದ್ದು ೧೯೫೭ರಲ್ಲಿ, ಕೆನಡಾದ ಮ್ಯಾನಿಟೋಬಾ ಪ್ರಾಂತದ ಮೊರ್ಡನ್ ಎಂಬ ಸಣ್ಣ ಊರಿನಲ್ಲಿ. ಪೂರ್ವಜರು ಐರಿಷ್ ಮತ್ತು ಸ್ಕಾಟಿಷ್ ಮೂಲದವರಾದರೂ ಮನೆಯಲ್ಲಿ ಕೆಲ್ಟಿಕ್ ಹಾಡುಗಳು ಪರಂಪರೆಯಾಗಿ ಬಂದಿರಲಿಲ್ಲ ಎಂಬುದು ಗಮನಾರ್ಹ. ೧೯೭೦ರ ದಶಕದ ಕೊನೆಯಲ್ಲಿ ವಿನಿಪೆಗ್ ನಗರದ ಜನಪದ ಸಂಗೀತ ಕೂಟದಲ್ಲಿ ಅವರಿಗೆ ಈ ಸಂಗೀತದ ಪರಿಚಯವಾಯಿತು. ಬ್ರೆಟನ್ ಹಾರ್ಪ್ ವಾದಕ ಅಲನ್ ಸ್ತಿವೆಲ್ ಕೆಲ್ಟಿಕ್ ಹಾರ್ಪಿನ ಪುನರುಜ್ಜೀವನವನ್ನೇ ಹೆಸರಾಗಿಟ್ಟು ೧೯೭೧ರಲ್ಲಿ ಹೊರತಂದ ಧ್ವನಿಮುದ್ರಿಕೆ ಅವರನ್ನು ಗಾಢವಾಗಿ ಪ್ರಭಾವಿಸಿತು. ಅಂದರೆ ಅವರು ಈ ಪರಂಪರೆಗೆ ಬಂದದ್ದು ಅಜ್ಜಿಯ ಮಡಿಲಿನಿಂದಲ್ಲ, ಧ್ವನಿಮುದ್ರಿಕೆಯಿಂದ. ೧೯೮೧ರಲ್ಲಿ ಒಂಟಾರಿಯೊ ಪ್ರಾಂತದ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ನೆಲೆಸಿದರು. ೧೯೮೫ರಲ್ಲಿ ‘ಎಲಿಮೆಂಟಲ್’ ಎಂಬ ಮೊದಲ ಧ್ವನಿಸುರುಳಿಯನ್ನು ತಮ್ಮದೇ ಕ್ವಿನ್ಲನ್ ರೋಡ್ ಸಂಸ್ಥೆಯಿಂದ ಹೊರತಂದು, ಟೊರೊಂಟೊ ನಗರದ ಸೇಂಟ್ ಲಾರೆನ್ಸ್ ಮಾರುಕಟ್ಟೆಯ ಬೀದಿಯಲ್ಲಿ ಹಾರ್ಪ್ ನುಡಿಸುತ್ತ ಮಾರಿದರು. ಮುಂದೆ ಲೋಕದಾದ್ಯಂತ ಒಂದು ಕೋಟಿಗೂ ಮೀರಿ ಮಾರಾಟವಾದ ಧ್ವನಿಮುದ್ರಿಕೆಗಳ ಒಡೆತನವನ್ನು ಅವರು ತಮ್ಮಲ್ಲಿಯೇ ಉಳಿಸಿಕೊಂಡದ್ದು ಈ ಕ್ಷೇತ್ರದಲ್ಲಿ ಅಪರೂಪ.

ಅವರ ದೃಷ್ಟಿಯನ್ನು ಬದಲಿಸಿದ್ದು ೧೯೯೧ರಲ್ಲಿ ವೆನಿಸ್ ನಗರದ ಪಲಾತ್ಸೊ ಗ್ರಾಸ್ಸಿಯಲ್ಲಿ ನಡೆದ ಕೆಲ್ಟ್ ಸಂಸ್ಕೃತಿಯ ಬೃಹತ್ ಪುರಾತತ್ವ ಪ್ರದರ್ಶನ. ಆಸ್ಟ್ರಿಯಾದ ಹಾಲ್‌ಸ್ಟಾಟ್, ಸ್ವಿಟ್ಸರ್ಲೆಂಡಿನ ಲಾ ಟೆನ್ ಮುಂತಾದ ನೆಲೆಗಳ ಸಂಸ್ಕೃತಿಗಳನ್ನು ಪರಿಚಯಿಸುವ ಇಂಥ ಪ್ರದರ್ಶನದಲ್ಲಿ ಕೆಲ್ಟರು ಮಂಜು ಮುಸುಕಿದ ಅಟ್ಲಾಂಟಿಕ್ ದಡದ ಜನರಾಗಿ ಕಾಣಲಿಲ್ಲ; ಯುರೋಪಿನ ಮಧ್ಯಭಾಗದಿಂದ ಏಷ್ಯಾ ಮೈನರ್‌ವರೆಗೆ ಹರಡಿದ ಬುಡಕಟ್ಟುಗಳಾಗಿ ಕಂಡರು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅನತೋಲಿಯಾಕ್ಕೆ ನುಗ್ಗಿ ನೆಲೆಸಿದ ಗಲಾತಿಯನ್ನರು ಇದಕ್ಕೆ ಸಾಕ್ಷಿ; ಇಂದಿನ ಅಂಕಾರಾ ಅವರ ಒಂದು ಪಂಗಡದ ಕೇಂದ್ರವಾಗಿತ್ತು. ಮೆಕೆನಿಟ್ ಈ ಇತಿಹಾಸವನ್ನು ನಕ್ಷೆಯಾಗಿ ಹಿಡಿದು ಪ್ರವಾಸ ಹೊರಟರು. ೧೯೯೪ರ ‘ದಿ ಮಾಸ್ಕ್ ಆ್ಯಂಡ್ ಮಿರರ್’ ಸ್ಪೇನ್ ಮತ್ತು ಮೊರೊಕ್ಕೊ ದೇಶಗಳತ್ತ, ೧೯೯೭ರ ‘ದಿ ಬುಕ್ ಆಫ್ ಸೀಕ್ರೆಟ್ಸ್’ ವೆನಿಸ್, ಕಾಕಸಸ್, ಸೈಬೀರಿಯಾದ ರೈಲುಮಾರ್ಗದತ್ತ, ೨೦೦೬ರ ‘ಆ್ಯನ್ ಏನ್ಷಿಯಂಟ್ ಮ್ಯೂಸ್’ ತುರ್ಕಿಯತ್ತ ಮುಖ ಮಾಡಿದವು. ಹಾರ್ಪಿನ ಜೊತೆಗೆ ಊದ್, ಹರ್ಡಿ-ಗರ್ಡಿ, ತಬಲಾಗಳು ಸೇರಿದವು. ಪ್ರತಿ ಸಂಪುಟದೊಂದಿಗೂ ದಿನಚರಿಯ ರೂಪದ ಪ್ರವಾಸ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದರು: ಯಾವ ಊರು, ಏನನ್ನು ಓದಿದರು, ಹಾಡಿನ ಯೋಚನೆ ಎಲ್ಲಿ ಹೊಳೆಯಿತು ಎಂಬ ವಿವರಗಳು ಅವುಗಳಲ್ಲಿವೆ.

ಪೂರ್ವದತ್ತ ಹೊರಟವರಲ್ಲಿ ಅವರೇ ಮೊದಲಿಗರಲ್ಲ. ಆ್ಯಂಡಿ ಅರ್ವಿನ್ ೧೯೬೦ರ ದಶಕದ ಕೊನೆಯಲ್ಲಿಯೇ ಬಾಲ್ಕನ್ ದೇಶಗಳಲ್ಲಿ ಅಲೆದು ಬಲ್ಗೇರಿಯಾದ ವಿಷಮ ಲಯಗಳನ್ನು ಐರಿಷ್ ಸಂಗೀತಕ್ಕೆ ತಂದಿದ್ದರು. ೧೯೮೭ರಲ್ಲಿ ಲಂಡನ್ನಿನ ಒಂದು ಪಾನಗೃಹದಲ್ಲಿ ಸೇರಿದ ಧ್ವನಿಮುದ್ರಣ ಸಂಸ್ಥೆಗಳ ಪ್ರತಿನಿಧಿಗಳು, ಅಂಗಡಿಗಳಲ್ಲಿ ಯಾವ ಕಪಾಟಿಗೂ ಹೊಂದದ ಇಂಥ ಸಂಗೀತಕ್ಕೆ ‘ವರ್ಲ್ಡ್ ಮ್ಯೂಸಿಕ್’ ಎಂಬ ಹೆಸರನ್ನು ಒಪ್ಪಿಕೊಂಡರು. ಈ ಪದವನ್ನು ಅದಕ್ಕೂ ಎರಡು ದಶಕಗಳ ಹಿಂದೆ ವಿದ್ಯಾಸಂಸ್ಥೆಗಳಲ್ಲಿ ಬಳಕೆಗೆ ತಂದ ರಾಬರ್ಟ್ ಬ್ರೌನ್ ಕರ್ನಾಟಕ ಸಂಗೀತದ ಮೃದಂಗವನ್ನು ಅಧ್ಯಯನ ಮಾಡಿದವರು ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ವಿದ್ವತ್ತಿನ ಪದ ಹೀಗೆ ಕಪಾಟಿನ ಚೀಟಿಯಾಯಿತು.

ಮುಳುಗಿದ ತಂಗಿಯ ಹಾಡು

ಸಾಮಾನ್ಯ ವಿವರಗಳಿಗಿಂತ ಒಂದು ಹಾಡನ್ನು ಹತ್ತಿರದಿಂದ ನೋಡುವುದು ಹೆಚ್ಚು ಫಲಪ್ರದ. ೧೯೯೪ರ ಸಂಪುಟದಲ್ಲಿರುವ ‘ದಿ ಬಾನಿ ಸ್ವಾನ್ಸ್’ ಒಂದು ಪ್ರಾಚೀನ ಕಥನಗೀತೆಯ ಹೊಸ ನಿರೂಪಣೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ೧೮೮೨ರಿಂದ ೧೮೯೮ರವರೆಗೆ ಪ್ರಕಟಿಸಿದ ೩೦೫ ಕಥನಗೀತೆಗಳ ಮಹಾಸಂಗ್ರಹದಲ್ಲಿ ಇದು ೧೦ನೆಯದು, ‘ಇಬ್ಬರು ಅಕ್ಕತಂಗಿಯರು’. ಕಥೆ ಹೀಗಿದೆ. ಒಬ್ಬ ತರುಣ ಅಕ್ಕನನ್ನು ಬಿಟ್ಟು ತಂಗಿಯನ್ನು ಮೆಚ್ಚುತ್ತಾನೆ. ಅಕ್ಕ ತಂಗಿಯನ್ನು ನೀರಿಗೆ ನೂಕುತ್ತಾಳೆ. ಕೈ ಕೊಡೆಂದು ಬೇಡಿದರೂ ಕೊಡುವುದಿಲ್ಲ. ಹೆಣ ತೇಲಿ ಗಿರಣಿಯ ಕಟ್ಟೆಗೆ ಬರುತ್ತದೆ. ಅಲ್ಲಿ ಬಂದ ಹಾರ್ಪ್ ವಾದಕ ಅವಳ ಎದೆಯೆಲುಬಿನಿಂದ ವಾದ್ಯವನ್ನೂ ಕೂದಲಿನಿಂದ ತಂತಿಯನ್ನೂ ಮಾಡುತ್ತಾನೆ. ತಂದೆಯ ಸಭೆಯಲ್ಲಿ ಇಟ್ಟ ಕೂಡಲೇ ಆ ವಾದ್ಯ ಯಾರೂ ಮೀಟದೆ ತಾನಾಗಿ ನುಡಿದು, ಕುಳಿತವರನ್ನೆಲ್ಲ ಒಬ್ಬೊಬ್ಬರಾಗಿ ಗುರುತಿಸಿ, ಕೊನೆಗೆ ಕೊಂದವಳ ಹೆಸರನ್ನು ಹೇಳುತ್ತದೆ.

ಈ ಹಾಡು ೧೬೫೬ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಬಿಡಿಹಾಳೆಯಾಗಿ ಅಚ್ಚಾಗಿತ್ತು. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಇದರ ಅನೇಕ ಪಾಠಗಳಿವೆ. ಪಾಲ್ ಬ್ರೂಸ್ಟರ್ ೧೯೫೩ರಲ್ಲಿ ಇದರ ಪಾಠಾಂತರಗಳ ಮೇಲೆ ಪ್ರತ್ಯೇಕ ಅಧ್ಯಯನವನ್ನೇ ಪ್ರಕಟಿಸಿದ್ದಾನೆ. ಗದ್ಯಕಥೆಯಾಗಿ ಇದು ಆರ್ನೆ-ಥಾಂಪ್ಸನ್ ಸೂಚಿಯ ೭೮೦ನೆಯ ವರ್ಗ, ‘ಹಾಡುವ ಎಲುಬು’. ನಮ್ಮ ದೇಶದ ಸಂತಾಲರಲ್ಲಿಯೂ ಇದು ಇದೆ: ಏಳು ಮಂದಿ ಅಣ್ಣಂದಿರ ಒಬ್ಬಳೇ ತಂಗಿ ಅತ್ತಿಗೆಯರ ಹೊಟ್ಟೆಕಿಚ್ಚಿಗೆ ಸಿಕ್ಕಿ ಕೆರೆಯಲ್ಲಿ ಮುಳುಗುತ್ತಾಳೆ, ಅಲ್ಲಿ ಬಿದಿರು ಬೆಳೆಯುತ್ತದೆ, ಜೋಗಿಯೊಬ್ಬ ಅದನ್ನು ಕಡಿದು ಪಿಟೀಲಿನಂಥ ವಾದ್ಯ ಮಾಡುತ್ತಾನೆ, ಅದರಿಂದ ಹುಡುಗಿಯ ದನಿ ಹೊರಡುತ್ತದೆ. ಕ್ಯಾಂಬೆಲ್ ಎಂಬ ಪಾದ್ರಿ ಸಂಗ್ರಹಿಸಿದ ಈ ಕಥೆಯನ್ನು ಜೋಸೆಫ್ ಜೇಕಬ್ಸ್ ೧೮೯೨ರ ತನ್ನ ಭಾರತೀಯ ಕಥಾಸಂಕಲನಕ್ಕೆ ಸೇರಿಸಿಕೊಂಡನು. ಸೋದರಿ ಇರುವಲ್ಲಿ ಅತ್ತಿಗೆ, ಹಾರ್ಪ್ ಇರುವಲ್ಲಿ ಬಿದಿರು. ಉಳಿದಂತೆ ಕಥೆಯ ಎಲುಬು ಒಂದೇ. ಒಂದು ಸಮುದಾಯ ಕುಟುಂಬದೊಳಗಿನ ಯಾವ ಸಂಬಂಧವನ್ನು ಅಪಾಯದ್ದೆಂದು ಕಾಣುತ್ತದೆ ಎಂಬುದನ್ನು ಈ ಒಂದು ಬದಲಾವಣೆಯೇ ಹೇಳುತ್ತದೆ.

ಮೆಕೆನಿಟ್ ಅವರ ಪಾಠದಲ್ಲಿ ಒಂದು ಅಸಾಂಗತ್ಯವಿದೆ. ಹಾಡು ಆರಂಭವಾಗುವಾಗ ಹುಡುಗಿಯರು ಉತ್ತರ ನಾಡಿನ ಒಬ್ಬ ರೈತನ ಮಕ್ಕಳು. ಮುಗಿಯುವಾಗ ಹಾರ್ಪ್ ತಂದೆಯನ್ನು ರಾಜನೆಂದೂ ತಾಯಿಯನ್ನು ರಾಣಿಯೆಂದೂ ಗುರುತಿಸುತ್ತದೆ. ಸಾಹಿತ್ಯ ವಿಮರ್ಶಕ ಇದನ್ನು ದೋಷವೆನ್ನಬಹುದು. ಜಾನಪದ ವಿದ್ಯಾರ್ಥಿಗೆ ಇದು ಬೆಲೆಬಾಳುವ ಗುರುತು. ರೈತನಿಂದ ಆರಂಭವಾಗುವ ಪಾಠಗಳೂ ರಾಜನ ಪಾಠಗಳೂ ಬೇರೆಬೇರೆಯಾಗಿ ಚಲಾವಣೆಯಲ್ಲಿದ್ದು, ಬಾಯಿಂದ ಬಾಯಿಗೆ ಸಾಗುವಾಗ ಒಂದರ ತಲೆ ಇನ್ನೊಂದರ ಕಾಲಿಗೆ ಕೂಡಿಕೊಂಡದ್ದರ ಗಾಯದ ಕಲೆ ಅದು. ಗಾಯಕಿ ಅದನ್ನು ತಿದ್ದದೆ ಬಿಟ್ಟರು. ನಮ್ಮ ಅನೇಕ ಸಂಪಾದಕರಿಗೆ ಇಷ್ಟು ಸಂಯಮ ಇರಲಿಲ್ಲ. ಕ್ಷೇತ್ರಕಾರ್ಯದಲ್ಲಿ ದೊರೆತ ಪಾಠಗಳ ಇಂಥ ‘ತಪ್ಪು’ಗಳನ್ನು ಸರಿಪಡಿಸಿ ಅಚ್ಚು ಹಾಕಿದ ಸಂಕಲನಗಳು ನಮ್ಮ ಗ್ರಂಥಾಲಯಗಳಲ್ಲಿ ಬೇಕಾದಷ್ಟಿವೆ.

ಅಮೆರಿಕದಲ್ಲಿ ದೊರೆತ ಅನೇಕ ಪಾಠಗಳಲ್ಲಿ ಹಾರ್ಪ್ ಕಳೆದುಹೋಗಿದೆ. ಅಲ್ಲಿ ಹುಡುಗಿಯ ಉಂಗುರಗಳನ್ನು ಕದ್ದ ಗಿರಣಿಯವನನ್ನು ಗಲ್ಲಿಗೇರಿಸುವುದರೊಂದಿಗೆ ಹಾಡು ಮುಗಿಯುತ್ತದೆ. ವಲಸೆ ಹೋದ ಹಾಡು ಅಲೌಕಿಕವನ್ನು ಕಳಚಿ ಅಪರಾಧದ ಸುದ್ದಿಯಾಯಿತು. ಉತ್ತರ ಅಮೆರಿಕದಲ್ಲಿಯೇ ಹುಟ್ಟಿದ ಗಾಯಕಿ ಹಾರ್ಪ್ ಇರುವ ಪಾಠವನ್ನು ಹುಡುಕಿ ಹಾಡಿದರು. ಅದು ಅವರಿಗೆ ದೊರೆತದ್ದು ಮೌಖಿಕ ಪರಂಪರೆಯ ನೇರ ದಾರಿಯಲ್ಲಲ್ಲ, ಚೈಲ್ಡನಂಥವರ ಗ್ರಂಥಗಳು ಕಾಪಾಡಿಕೊಟ್ಟ ದಾರಿಯಲ್ಲಿ. ಜನಪದ ಹಾಡು ಗ್ರಂಥಾಲಯದಲ್ಲಿ ಶತಮಾನ ಕಾಲ ಮಲಗಿದ್ದು ಮತ್ತೆ ಕಂಠಕ್ಕೆ ಬರುವುದನ್ನು ಹುಸಿ ಎಂದು ಕರೆಯಬೇಕೆ? ರಿಚರ್ಡ್ ಡಾರ್ಸನ್ ೧೯೫೦ರಲ್ಲಿ ‘ಫೇಕ್‌ಲೋರ್’ ಎಂಬ ಪದವನ್ನು ಬಳಕೆಗೆ ತಂದದ್ದು ಲೇಖಕರು ಕಲ್ಪಿಸಿ ಜನಪದದ ಮುದ್ರೆ ಒತ್ತಿದ ಬರಹಗಳನ್ನು ಖಂಡಿಸಲು. ಮ್ಯಾಕ್‌ಫರ್ಸನ್‌ಗೆ ಆ ಪದ ಸ್ವಲ್ಪಮಟ್ಟಿಗೆ ಒಪ್ಪುತ್ತದೆ. ಎಲ್ಲಿಂದ ತಂದೆನೆಂದು ಹೇಳುತ್ತಲೇ ಹಾಡುವವರಿಗೆ ಅದು ಒಪ್ಪುವುದಿಲ್ಲ.

‘ಸಾಂಪ್ರದಾಯಿಕ’ ಎಂಬ ಮಾತು

ಇಷ್ಟು ಹೇಳಿದ ಮೇಲೆ ಆಕ್ಷೇಪಣೆಗಳನ್ನೂ ಹೇಳಲೇಬೇಕು. ಮೆಕೆನಿಟ್ ಅವರ ಟಿಪ್ಪಣಿಗಳಲ್ಲಿ ಕಾಣುವ ದಾರಿ ಪ್ರವಾಸಿಯ ದಾರಿ. ಗ್ರಾನಡಾದ ಬೆಳದಿಂಗಳು, ಮರಕೇಶಿನ ಸಂತೆ, ರೈಲಿನ ಕಿಟಕಿಯ ಹೊರಗಿನ ಹಿಮ ಅಲ್ಲಿ ಮನಮುಟ್ಟುವಂತೆ ಮೂಡಿವೆ. ಹಾಡಿನ ದಾರಿ, ಅಂದರೆ ಅದನ್ನು ಹಾಡಿ ಉಳಿಸಿದವರ ಸರಣಿ, ಅಲ್ಲಿ ಬಹಳ ತೆಳುವಾಗಿದೆ. ಅದರ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂಬ ಒಂದು ಪದ ನಿಂತಿರುತ್ತದೆ.

೨೦೦೬ರ ಸಂಪುಟದಲ್ಲಿರುವ ‘ಸೇಕ್ರೆಡ್ ಶಬಾತ್’ ಎಂಬ ವಾದ್ಯಕೃತಿಯನ್ನೇ ನೋಡಬಹುದು. ಇದರ ಮಟ್ಟು ತುರ್ಕಿಯಲ್ಲಿ ‘ಕಾತಿಬಿಮ್’ ಅಥವಾ ‘ಉಸ್ಕುದಾರ್’ ಹಾಡೆಂದು ಮನೆಮಾತು. ಬಲ್ಗೇರಿಯಾದ ಚಲನಚಿತ್ರ ನಿರ್ದೇಶಕಿ ಅದೇಲಾ ಪೇವಾ ೨೦೦೩ರಲ್ಲಿ ‘ಈ ಹಾಡು ಯಾರದು’ ಎಂಬರ್ಥದ ಸಾಕ್ಷ್ಯಚಿತ್ರದಲ್ಲಿ ಈ ಒಂದೇ ಮಟ್ಟನ್ನು ಹಿಡಿದು ತುರ್ಕಿ, ಗ್ರೀಸ್, ಅಲ್ಬೇನಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾ, ಸರ್ಬಿಯಾ, ಬಲ್ಗೇರಿಯಾಗಳನ್ನು ಸುತ್ತಿದರು. ಹೋದಲ್ಲೆಲ್ಲ ಜನ ಅದು ತಮ್ಮದೇ ಎಂದರು. ಒಂದೆಡೆ ಅದು ಪ್ರೇಮಗೀತೆ, ಇನ್ನೊಂದೆಡೆ ಧಾರ್ಮಿಕ ಗೀತೆ, ಮತ್ತೊಂದೆಡೆ ತುರ್ಕರ ವಿರುದ್ಧದ ಹೋರಾಟದ ಗೀತೆ. ಸರ್ಬಿಯಾದಲ್ಲಿ ಬೋಸ್ನಿಯಾದ ಪಾಠವನ್ನು ಕೇಳಿಸಿದ ಕೂಡಲೇ ಊಟದ ಮೇಜಿನಲ್ಲಿದ್ದವರು ಸಿಟ್ಟಿನಿಂದ ಎದ್ದುಹೋದರು. ತಮ್ಮದೇ ದೇಶವಾದ ಬಲ್ಗೇರಿಯಾದಲ್ಲಿ ಹಾಡು ತುರ್ಕಿಯದಿರಬಹುದೆಂದದ್ದಕ್ಕೆ ನಿರ್ದೇಶಕಿ ಬೆದರಿಕೆಯ ಮಾತು ಕೇಳಬೇಕಾಯಿತು. ಯುದ್ಧ ಮುಗಿದು ಹೆಚ್ಚು ಕಾಲವಾಗಿರದ ಆ ಪ್ರದೇಶದಲ್ಲಿ ಮಟ್ಟಿನ ಒಡೆತನವೆಂದರೆ ಹುಡುಗಾಟದ ಮಾತಾಗಿರಲಿಲ್ಲ. ಇಷ್ಟು ಕಲಹವನ್ನು ಹೊತ್ತ ಮಟ್ಟು ಇಂಗ್ಲೆಂಡಿನ ಧ್ವನಿಮುದ್ರಣ ಗೃಹದಲ್ಲಿ ಶಾಂತವಾದ ವಾದ್ಯಸಂಗೀತವಾಗಿ ಮೂಡಿದಾಗ, ಕೇಳುಗನಿಗೆ ಅದರ ಹಿಂದಿನ ಜಗಳದ ಸುಳಿವೂ ಸಿಗುವುದಿಲ್ಲ. ಸಂಗೀತಕ್ಕೆ ಶಾಂತಿ ದೊರೆಯಿತೆಂದು ಸಂತೋಷಪಡಬಹುದು. ಚರಿತ್ರೆಗೆ ನಷ್ಟವಾಯಿತೆಂದೂ ಹೇಳಬಹುದು. ಎರಡೂ ನಿಜವೆಂದು ನನಗೆ ತೋರುತ್ತದೆ.

‘ಸಾಂಪ್ರದಾಯಿಕ’ ಎಂಬ ಮಾತಿಗೆ ಆರ್ಥಿಕ ಅರ್ಥವೂ ಇದೆ. ಹಕ್ಕುಸ್ವಾಮ್ಯದ ನಿಯಮದಂತೆ ಸಾಂಪ್ರದಾಯಿಕ ಹಾಡು ಯಾರದೂ ಅಲ್ಲ. ಅದಕ್ಕೆ ವಾದ್ಯಸಂಯೋಜನೆ ಮಾಡಿದವರಿಗೆ ಆ ಸಂಯೋಜನೆಯ ಹಕ್ಕು ದೊರೆಯುತ್ತದೆ. ಕೆಲವೊಮ್ಮೆ ಇದು ತಿರುವುಮುರುವಾಗುವುದೂ ಉಂಟು. ಮೆಕೆನಿಟ್ ತಮ್ಮ ಮೊದಲ ಧ್ವನಿಸುರುಳಿಯಲ್ಲಿ ಹಾಡಿದ ‘ಶೀ ಮೂವ್ಡ್ ಥ್ರೂ ದ ಫೇರ್’ ಪ್ರಾಚೀನ ಐರಿಷ್ ಜನಪದ ಗೀತೆಯೆಂದೇ ಅನೇಕರ ನಂಬಿಕೆ. ಮಟ್ಟು ಹಳೆಯದು, ಪದಗಳಲ್ಲಿ ಬಹುಪಾಲನ್ನು ಬರೆದವನು ಕವಿ ಪಾಡ್ರಿಕ್ ಕೋಲಮ್, ಹರ್ಬರ್ಟ್ ಹ್ಯೂಸ್ ಅದನ್ನು ೧೯೦೯ರ ಸಂಗ್ರಹದಲ್ಲಿ ಪ್ರಕಟಿಸಿದನು. ಇಲ್ಲಿ ಹೆಸರು ಕಳೆದುಕೊಂಡವನು ಕವಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಜಾನಪದ ಅಭಿವ್ಯಕ್ತಿಗಳ ರಕ್ಷಣೆಗಾಗಿ ೨೦೦೦ದಲ್ಲಿ ಸಮಿತಿಯೊಂದನ್ನು ರಚಿಸಿತು. ಆ ಸಮಿತಿಯ ಕಾರ್ಯದಿಂದ ೨೦೨೪ರಲ್ಲಿ ರೂಪುಗೊಂಡ ಒಪ್ಪಂದ ಆನುವಂಶಿಕ ಸಂಪನ್ಮೂಲ ಮತ್ತು ಅದಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನಕ್ಕೆ ಸೀಮಿತವಾಗಿದೆ. ಹಾಡು ಅದರೊಳಗೆ ಬರಲಿಲ್ಲ.

ಹೆಸರು ಅಳಿಯುವ ಈ ಪ್ರಶ್ನೆ ಕನ್ನಡಕ್ಕೂ ಅಪರಿಚಿತವಲ್ಲ. ಒಸಿಯನ್ ಮತ್ತು ಹರ್ಡರ್ ಹುಟ್ಟಿಸಿದ ಸಂಗ್ರಹದ ಹಂಬಲವೇ ಬ್ರಿಟಿಷ್ ಅಧಿಕಾರಿಗಳೊಂದಿಗೆ ಇಲ್ಲಿಗೂ ಬಂದಿತು. ಚಾರ್ಲ್ಸ್ ಗೋವರ್ ೧೮೭೧ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಸಂಗ್ರಹದಲ್ಲಿ ಕನ್ನಡದ ಭಾಗಕ್ಕೆ ಮೊದಲ ಸ್ಥಾನವಿದೆ. ಅಲ್ಲಿರುವವು ಬಹುಮಟ್ಟಿಗೆ ದಾಸರ ಪದಗಳು. ಅಂಕಿತವನ್ನು ಹೊತ್ತ, ಕರ್ತೃವಿರುವ ರಚನೆಗಳನ್ನು ಅವನು ಜನಪದವೆಂದು ಬಗೆದನು. ಹಾಡಿನೊಳಗೇ ಹೆಸರಿಗೊಂದು ಜಾಗ ಕಟ್ಟಿಕೊಟ್ಟ ಪರಂಪರೆ ನಮ್ಮದು ಎಂಬುದನ್ನು ಅವನು ಗಮನಿಸಿದಂತೆ ಕಾಣುವುದಿಲ್ಲ. ಜೆ. ಎಫ್. ಫ್ಲೀಟ್ ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳು ಇತಿಹಾಸದ ಆಕರವೆಂದು ಮೌಲಿಕವಾದವು, ಇಂದು ಸಂಗೊಳ್ಳಿ ರಾಯಣ್ಣನ ಕುರಿತ ಯಾವ ಅಧ್ಯಯನವೂ ಅವುಗಳನ್ನು ಬಿಟ್ಟು ಮುಂದೆ ಹೋಗಲಾರದು.

ಇನ್ನೊಂದು ನಿದರ್ಶನ ನಮ್ಮ ಕಾಲದ್ದು. ಹುಡುಗಿಯೊಬ್ಬಳು ಹೂವಿನ ಮರವಾಗುವ, ನಾದಿನಿಯ ಅಜಾಗರೂಕತೆಯಿಂದ ಕೈಕಾಲು ಮುರಿದು ಅರೆಮರವಾಗಿ ಉಳಿಯುವ ಕಥೆ ಕನ್ನಡದ ಹೆಂಗಸರು ಹೇಳುವ ಕಥೆ. ಎ. ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಇಂಗ್ಲಿಷಿಗೆ ಅನುವಾದಿಸಿದರು. ಅವರ ನಿಧನಾನಂತರ ೧೯೯೭ರಲ್ಲಿ ಅದು ಒಂದು ಸಂಕಲನದ ಶೀರ್ಷಿಕೆ ಕಥೆಯಾಗಿ ಪ್ರಕಟವಾಯಿತು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆ್ಯಡಮ್ಸ್ ಮತ್ತು ರಂಗನಿರ್ದೇಶಕ ಪೀಟರ್ ಸೆಲರ್ಸ್ ಅದನ್ನು ಒಪೆರಾ ಆಗಿ ರೂಪಿಸಿದರು. ೨೦೦೬ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ ವೆನೆಜುವೆಲಾದ ಮೇಳ ಸ್ಪ್ಯಾನಿಷ್ ಭಾಷೆಯಲ್ಲಿ ಹಾಡಿತು. ಮೆಕೆನಿಟ್ ಉಸ್ಕುದಾರಿನ ಮಟ್ಟನ್ನು ಧ್ವನಿಮುದ್ರಿಕೆಯಾಗಿ ಹೊರತಂದದ್ದೂ ಅದೇ ವರ್ಷ. ರಾಮಾನುಜನ್ ತಮ್ಮ ಸಂಗ್ರಹದಲ್ಲಿ ಕಥೆ ಹೆಂಗಸರದು ಎಂಬುದನ್ನು ಒತ್ತಿ ಹೇಳಿ, ಅದರ ಮೇಲೆಯೇ ತಮ್ಮ ವ್ಯಾಖ್ಯಾನವನ್ನು ಕಟ್ಟಿದವರು. ಒಪೆರಾದ ಕೇಳುಗರಿಗೆ ರಾಮಾನುಜನ್ ಅವರ ಹೆಸರು ತಲುಪಿತು. ಅವರಿಗೆ ಕಥೆ ಹೇಳಿದ ಹೆಂಗಸರು ಅವರ ಗ್ರಂಥದಲ್ಲಿಯೇ ನಿಂತರು.